ಬೋಗುಣಿಯ ನೀರು ಮತ್ತು ಅರಾಕ್ಸಿ ಆಯಿಯ ಹೆಸರುಗಳು

ಆ ಬುಧವಾರ ನಮ್ಮ ಮನೆಯಲ್ಲಿ ವಿಶೇಷವಾದದ್ದೇನೂ ನಡೆಯಲಿಲ್ಲ. ಬೆಳಿಗ್ಗೆ ನನ್ನ ಯಜಮಾನರು ಡಬ್ಬಿಗೆ ಜೋಳದ ರೊಟ್ಟಿ ಬೇಡ ಎಂದರು.

"ಖಡಕ್ ರೊಟ್ಟಿ ಮುರದ್ರ ಕ್ಯಾಂಟೀನ್ ತುಂಬ ಸಪ್ಪಳ ಆಗ್ತೈತಿ. ಎಲ್ಲಾರೂ ಹೊಳ್ಳಿ ನೋಡ್ತಾರ."

"ಇವತ್ತು ಮೆತ್ತಗಿನ ರೊಟ್ಟಿ ಮಾಡೀನ್ರಿ," ಎಂದೆ.

"ಹಂಗಾದ್ರ ಇನ್ನೊಂದು ಹೆಚ್ಚಿಗೆ ಹಾಕು."

ಕೆಳಗೆ ರಸ್ತೆಯಲ್ಲಿ ಕಾರು ನಿಂತಿತ್ತು. ಅವರ ಜೊತೆ ವಾಲ್‌ಡಾರ್ಫಿನ ಕಂಪನಿಗೆ ಹೋಗುವ ಹುಡುಗರು ಗಾಜು ಇಳಿಸಿ "ಅಣ್ಣಾರ, ಲಗೂ ಬರ್ರಿ" ಎಂದು ಕೂಗಿದರು. ಹೈಡೆಲ್‌ಬರ್ಗಿನ ಆ ಬೀದಿಯಲ್ಲಿ ಹಾಗೆ ಕೂಗುವವರು ಬೇರೆ ಯಾರೂ ಇರಲಿಲ್ಲ. ಸಂಜೆ ಮಗಳು ನನ್ನ ಕನ್ನಡಕ್ಕೆ ಜರ್ಮನ್‌ನಲ್ಲಿ ಉತ್ತರ ಕೊಟ್ಟಳು, ಅವರು ನಕ್ಕರು. ನಾನು ಅವರ ಅಂಗಿಗೆ ಗುಂಡಿ ಹಚ್ಚಿದೆ. ಮರುದಿನ ಮಧ್ಯಾಹ್ನ ಆಫೀಸಿನಿಂದ ಫೋನ್ ಬಂತು. ಮೆಟ್ಟಿಲ ಮೇಲೆ ಕುಸಿದರಂತೆ. ಆಸ್ಪತ್ರೆ ಮುಟ್ಟುವ ಮೊದಲೇ ಹೃದಯ ನಿಂತಿತ್ತು.

ನಮ್ಮಲ್ಲಿ ಸುಡುವುದಿಲ್ಲ, ಕೂಡಿಸಿ ಮಣ್ಣು ಮಾಡುತ್ತೇವೆ. ಇಲ್ಲಿ ಅವರನ್ನು ಪೆಟ್ಟಿಗೆಯಲ್ಲಿ ಮಲಗಿಸಿದರು. ಗುಡ್ಡದ ಇಳಿಜಾರಿನ ಸ್ಮಶಾನದಲ್ಲಿ ಮಣ್ಣು ಮಾಡಿದೆವು. ಊರಿನಿಂದ ಮೈದುನ ಫೋನ್ ಮಾಡಿ "ವೈನಿ, ಬಂದುಬಿಡ್ರಿ" ಎಂದ. ಅವರನ್ನು ಅಲ್ಲಿ ಒಬ್ಬರನ್ನೇ ಬಿಟ್ಟು ಹೊರಡುವುದು ನನ್ನಿಂದಾಗಲಿಲ್ಲ.

ಆಗ ಜರ್ಮನಿಯವರು ಕಂಪ್ಯೂಟರ್ ಕೆಲಸದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಇದ್ದದ್ದು ಅವರ ಹೆಸರಿಗೆ. ನನ್ನ ಮತ್ತು ಮಗಳ ವಾಸದ ಪರವಾನಗಿ ಅದಕ್ಕೆ ಅಂಟಿಕೊಂಡಿತ್ತು. ಕೆಲಸ ಹಿಡಿದರೆ ಉಳಿಯಬಹುದು ಎಂಬ ದಾರಿ ಕಾಣಲು ಎಷ್ಟೋ ಆಫೀಸು ಅಲೆಯಬೇಕಾಯಿತು. ಬಹಳ ವರ್ಷಗಳಿಂದ ಇಲ್ಲಿ ನೆಲೆಸಿದ್ದ ಕನ್ನಡದ ಡಾಕ್ಟರೊಬ್ಬರು ವೃದ್ಧಾಶ್ರಮವೊಂದರಲ್ಲಿ ನನ್ನ ಪರವಾಗಿ ಮಾತಾಡಿದರು. ಓದಿದ್ದು ಗದುಗಿನಲ್ಲಿ ಪಿಯುಸಿ. ಜರ್ಮನ್ ಕಲಿತದ್ದು ಸಂಜೆಯ ತರಗತಿಯಲ್ಲಿ, ಅರ್ಧಮರ್ಧ. ಹಾಗೆ ಆರೈಕೆಯ ಸಹಾಯಕಿಯಾದೆ, ಹೋದ ವರ್ಷ ನಿವೃತ್ತಳಾಗುವವರೆಗೂ ಅದೇ ಕೆಲಸ ಮಾಡಿದೆ. ಈಗ ನಮ್ಮ ಕಡೆಯ ಹುಡುಗ ಹುಡುಗಿಯರು ನರ್ಸಿಂಗ್ ಓದಿ ಇಲ್ಲಿಗೆ ಬರುತ್ತಿದ್ದಾರೆ. ಅವರಲ್ಲಿ ಕೆಲವರು ನನ್ನನ್ನು ಕೇಳುತ್ತಾರೆ, ಕೆಲಸ ಹೇಗಿರುತ್ತದೆ ಆಂಟಿ ಎಂದು. ನೆನಪಿದ್ದದ್ದನ್ನು ಬರೆಯುತ್ತೇನೆ.

ಮೊದಲನೆಯ ವಾರವೇ ಒಂದು ಅನಾಹುತ ಮಾಡಿದೆ. ನಮ್ಮ ಅಂತಸ್ತಿನ ಎಲ್ಲ ಮುದುಕರ ಹಲ್ಲಿನ ಸೆಟ್ಟುಗಳನ್ನು ಕಪ್ಪುಗಳಿಂದ ತೆಗೆದು, ಹಬ್ಬದ ಮರುದಿನ ಪಾತ್ರೆ ತೊಳೆಯುವ ಹಾಗೆ ಒಂದೇ ಟಬ್ಬಿನಲ್ಲಿ ಹಾಕಿ, ಫಳಫಳ ಹೊಳೆಯುವಂತೆ ಉಜ್ಜಿ, ಬಿಳಿ ಟವೆಲ್ ಮೇಲೆ ಸಾಲಾಗಿ ಹರವಿಟ್ಟೆ. ಯಾವ ಹಲ್ಲು ಯಾರದೆಂದು ಆಮೇಲೆ ಗೊತ್ತಾಗಬೇಕಲ್ಲ? ನಮ್ಮ ಮೇಲ್ವಿಚಾರಕಿ ಫ್ರೌ ಕೆಲರ್ (ಫ್ರೌ ಎಂದರೆ ಶ್ರೀಮತಿ) ಬಾಗಿಲಲ್ಲಿ ನಿಂತು ನೋಡಿದರು. ಎತ್ತರದ ಹೆಂಗಸು, ಮುಖದಲ್ಲಿ ನಗೆ ಕಡಿಮೆ.

"ಗಂಗಾ, ಬಹಳ ಸ್ವಚ್ಛವಾಗಿವೆ," ಎಂದರು. "ಈಗ ಒಂದೊಂದನ್ನೇ ಎಲ್ಲರ ಬಾಯಿಗೂ ಹಾಕಿ ನೋಡೋಣ ಬನ್ನಿ."

ಇಡೀ ಬೆಳಗು ಅದೇ ಆಯಿತು. ಸಂಜೆಯ ಹೊತ್ತಿಗೂ ಒಬ್ಬ ಅಜ್ಜ ಬೇರೆಯವರ ಹಲ್ಲಿನಿಂದ ನಗುತ್ತಿದ್ದರು, ಅವರಿಗೇನೂ ತೊಂದರೆ ಇದ್ದಂತಿರಲಿಲ್ಲ.

ಫ್ರೌ ಕೆಲರ್ ಕಲಿಸಿದ ಒಂದು ಮಾತು ಕೊನೆಯವರೆಗೂ ಉಳಿಯಿತು. ಮುಟ್ಟುವ ಮೊದಲು ಹೇಳಬೇಕು. ಈಗ ಮುಖ ಒರೆಸುತ್ತೇನೆ, ಈಗ ಬಲಗೈ ಎತ್ತುತ್ತೇನೆ. ಕೇಳಿಸದಿದ್ದರೂ ಹೇಳಬೇಕು, ಬುದ್ಧಿ ಮಂಕಾಗಿದ್ದರೂ ಹೇಳಬೇಕು. ಬೋಗುಣಿಯಲ್ಲಿ ಬೆಚ್ಚನೆಯ ನೀರು, ಹಣೆಯಿಂದ ಶುರು, ಪಾದಕ್ಕೆ ಮುಕ್ತಾಯ. ಆಗ ಅದೇ ಕ್ರಮ.

ಬ್ರೆಡ್ ಮಾಡುವುದೇ ಜೀವನವಾಗಿದ್ದ ಒಬ್ಬ ಅಜ್ಜ ಇದ್ದರು. ಬೆಳಗಾದರೆ ಹೊದಿಕೆಯನ್ನೇ ನಾದುತ್ತಿದ್ದರು. ಪಾಪ, ನಿಜವಾದ ಹಿಟ್ಟು ಕೊಡೋಣ ಎಂದು ಮನೆಯಿಂದ ಜೋಳದ ಹಿಟ್ಟು ಕಲಸಿ ಒಯ್ದೆ. ಎರಡು ಸಲ ಎಳೆದು ನೋಡಿದರು, ತುಂಡಾಯಿತು. "ಇದಕ್ಕೆ ಅಂಟೇ ಇಲ್ಲ. ಇದು ಹಿಟ್ಟಲ್ಲ, ಮರಳು," ಎಂದು ದೂರ ತಳ್ಳಿದರು. ನಾನು ಮೇಜಿನ ಮೇಲೇ ರೊಟ್ಟಿ ಬಡಿದು ತೋರಿಸಿದೆ. ಕೈಕಟ್ಟಿ, ಹೊಸದಾಗಿ ಸೇರಿದ ಆಳನ್ನು ನೋಡುವಂತೆ ನೋಡಿದರು. ರೊಟ್ಟಿ ದುಂಡಗಾದ ಮೇಲೆ ಅಂಚನ್ನು ಬೆರಳಿನಿಂದ ತಟ್ಟಿ "ಇಲ್ಲಿ ದಪ್ಪ" ಎಂದರು. ನಿಜವಾಗಿಯೂ ಅಲ್ಲಿ ದಪ್ಪವಿತ್ತು.

ಇಂಥವರು ಎಷ್ಟೋ ಮಂದಿ ಬಂದರು, ಹೋದರು. ನಾನು ಬರೆಯಲು ಕೂತದ್ದು ಮಾತ್ರ ಅರಾಕ್ಸಿ ಆಯಿಯ ಸಲುವಾಗಿ.

ಅವರ ಕೋಣೆ ಕಾರಿಡಾರಿನ ಕೊನೆಗೆ. ತೊಂಬತ್ತು ದಾಟಿದ, ಹಕ್ಕಿಯಷ್ಟು ಹಗುರಾದ ಹೆಂಗಸು. ನಮ್ಮಲ್ಲಿ ವಯಸ್ಸಾದವರನ್ನು ಹೆಸರು ಹಿಡಿದು ಕರೆಯುವುದಿಲ್ಲ ಎಂದು ನಾನು ಎಲ್ಲರನ್ನೂ ಅಜ್ಜಿ, ಅಜ್ಜ ಎಂದೇ ಕರೆಯುತ್ತಿದ್ದೆ. ಜರ್ಮನರಿಗೆ ಅದು ಅವಮಾನ. "ನಾನು ನಿನ್ನ ಅಜ್ಜಿಯಲ್ಲ" ಎಂದು ಒಬ್ಬರು ಗದರಿಸಿಯೂ ಬಿಟ್ಟಿದ್ದರು. ಇವರು ಹಾಗಲ್ಲ.

"ನಿಮ್ಮೂರಾಗ ಅಜ್ಜಿಗೆ ಏನಂತೀರಿ?"

"ಆಯಿ."

"ನನಗ ಹಂಗs ಅನ್ನು."

ಅವರು ಆಡುತ್ತಿದ್ದದ್ದು ಹೊರಗಿನಿಂದ ಬಂದವರ ಜರ್ಮನ್, ನನ್ನಂಥದ್ದೇ. ಅದನ್ನು ನಮ್ಮೂರಿನ ಮಾತಿನಲ್ಲೇ ಬರೆಯುತ್ತಿದ್ದೇನೆ, ನನ್ನ ಕಿವಿಯಲ್ಲಿ ಅದು ಉಳಿದಿರುವುದೂ ಹಾಗೆಯೇ. ಆಯಿ ಅರ್ಮೇನಿಯನ್ ಜನದವರು. ತುರ್ಕಿಯ ಸುಲ್ತಾನರ ಕಾಲದ ಯಾವುದೋ ಸಣ್ಣ ಊರಿನಲ್ಲಿ ಹುಟ್ಟಿದವರು. ಮಗುವಾಗಿದ್ದಾಗ ಸುಲ್ತಾನರ ಸೈನಿಕರು ಅವರ ಜನರನ್ನೆಲ್ಲ ಮನೆಗಳಿಂದ ಎಬ್ಬಿಸಿ ಮರುಭೂಮಿಯತ್ತ ನಡೆಸಿದ್ದರು. ಬಹುಪಾಲು ಜನ ಸತ್ತರು, ಕೊಲ್ಲಲ್ಪಟ್ಟರು. ಉಳಿದ ಆಯಿ ಅಲೆಪ್ಪೊ ನಗರದ ಅನಾಥಾಲಯದಲ್ಲಿ ಬೆಳೆದರು, ಬೈರೂತಿನಲ್ಲಿ ಮದುವೆಯಾದರು. ಅಲ್ಲಿ ಯುದ್ಧ ಬಂದಾಗ ಮಗನ ಜೊತೆ ಜರ್ಮನಿಗೆ ಬಂದರು. ಇದನ್ನೆಲ್ಲ ನನಗೆ ಹೇಳಿದ್ದು ಅವರ ಮಗ ವಾಹೆ. ಮಾನ್‌ಹೈಮಿನಲ್ಲಿ ಟ್ರಾಮ್ ಓಡಿಸುತ್ತಿದ್ದರು. ಭಾನುವಾರ ಬಂದು, ತಾಯಿಯ ಪಕ್ಕದ ಕುರ್ಚಿಯಲ್ಲಿ ಕೂತು ನಿದ್ದೆ ಹೋಗುತ್ತಿದ್ದರು.

"ನೋಡು, ನನ್ನ ನೋಡಾಕ ಬಂದಾನ, ಕಣ್ಣು ಮುಚ್ಚಿ," ಎನ್ನುತ್ತಿದ್ದರು ಆಯಿ.

ಬೆಳಿಗ್ಗೆ ನಾನು ಮುಖ ಒರೆಸಲು ಶುರು ಮಾಡಿದೊಡನೆ ಆಯಿ ಮೆಲ್ಲಗೆ ಏನನ್ನೋ ಹೇಳಿಕೊಳ್ಳುತ್ತಿದ್ದರು. ಬಟ್ಟೆ ಪಾದ ಮುಟ್ಟಿದಾಗ ಅದು ಮುಗಿಯುತ್ತಿತ್ತು. ಸ್ನಾನದ ಹೊತ್ತಿನ ಮಂತ್ರ ಇರಬೇಕೆಂದುಕೊಂಡೆ. ನಮ್ಮಲ್ಲಿಯೂ ಹಿರಿಯರು ಮೈಮೇಲೆ ನೀರು ಹಾಕಿಕೊಳ್ಳುವಾಗ ದೇವರ ಹೆಸರು ಹೇಳುತ್ತಾರಲ್ಲ. ಅದಕ್ಕೇ ಅದು ಮುಗಿದ ಕೂಡಲೇ ನಾನು ದಿನವೂ ಕೈಮುಗಿಯುತ್ತಿದ್ದೆ. ಎಷ್ಟೋ ವಾರ ನೋಡಿ ಒಂದು ದಿನ ಆಯಿ ಕೇಳಿದರು.

"ಯಾರಿಗೆ ಕೈಮುಗೀತಿ?"

"ನಿಮ್ಮ ದೇವರಿಗೆ."

ಆಯಿ ನಕ್ಕರು. ನಕ್ಕು ನಕ್ಕು ಕೆಮ್ಮು ಬಂತು. "ಅವರು ದೇವರಲ್ಲವ್ವ. ನೀ ಈಗ ಕೈ ಮುಗಿದೆಲ್ಲ, ಎಡಪಾದ, ಅದು ಬೋಘೋಸ್. ಅಂವ ಕತ್ತೆ ಕದೀತಿದ್ನಂತ."

ಆಮೇಲೆ ಹೇಳಿದರು. ಅನಾಥಾಲಯದಲ್ಲಿ ಅವರ ಊರಿನವಳೇ ಆದ ಸ್ವಲ್ಪ ದೊಡ್ಡ ಹುಡುಗಿಯೊಬ್ಬಳಿದ್ದಳು, ನಾಝೆಲಿ. ಬೆಳಿಗ್ಗೆ ಚಿಕ್ಕವರ ಮೈ ತೊಳೆಯುವುದು ಅವಳ ಪಾಲಿನ ಕೆಲಸ. ಊರಿನಲ್ಲಿ ಸತ್ತವರ ಹೆಸರು ಮರೆತುಹೋಗಬಾರದೆಂದು ಅವಳು ಪುಟ್ಟ ಅರಾಕ್ಸಿಯ ಮೈಯ ಒಂದೊಂದು ಕಡೆಗೆ ಒಂದೊಂದು ಹೆಸರು ಕಟ್ಟಿದಳು. ಹಣೆ ಹಗೋಪ್. ಕಣ್ಣು ಮರ್ಯಮ್, ಝಬೆಲ್. ಬಲಭುಜ ಸರ್ಕಿಸ್. ಎಡಭುಜ ಅನುಷ್. ಹೀಗೇ ಕೆಳಗಿಳಿದು ಎಡಪಾದದ ಕಳ್ಳನವರೆಗೆ. ಮಗು ಹೆಸರು ಹೇಳಿದ ಮೇಲೆಯೇ ಅವಳ ಬಟ್ಟೆ ಮುಂದಕ್ಕೆ ಹೋಗುತ್ತಿತ್ತು. ನಾಝೆಲಿ ಅಲ್ಲಿಯೇ ಜ್ವರ ಬಂದು ಸತ್ತಳು. ಅವಳ ಹೆಸರನ್ನು ಆಯಿ ತಾವೇ ಸೇರಿಸಿಕೊಂಡರು, ಬೆನ್ನಿಗೆ.

"ಬೆನ್ನಿಗೆ ಯಾಕ?"

"ಅಲ್ಲಿ ನನ್ನ ಕೈ ನಿಲುಕೂದಿಲ್ಲ. ಆಕಿದು ನಿಲುಕ್ತಿತ್ತು."

ನಾನು ಒದ್ದೆ ಬಟ್ಟೆ ಹಿಡಿದು ಹಾಗೇ ನಿಂತೆ. ನನ್ನ ಕೈಯ ಕೆಳಗೆ ಇಷ್ಟು ದಿನ ಒಂದು ಇಡೀ ಊರು ಇತ್ತು. ಅಲೆಪ್ಪೊ, ಬೈರೂತು, ಮಾನ್‌ಹೈಮು, ಎಲ್ಲಿಗೆ ಹೋದರೂ ಪ್ರತಿ ಬೆಳಿಗ್ಗೆ ಈ ಹೆಂಗಸು ಆ ಊರನ್ನು ತಪ್ಪದೆ ಕರೆದಿದ್ದರು, ಮೈ ಒಣಗುವ ಮೊದಲು ಎಲ್ಲರ ಹೆಸರನ್ನೂ ಹೇಳಿ ಮುಗಿಸಿದ್ದರು. ಅಂದಿನಿಂದ ಆ ಮೈಯನ್ನು ಮುಟ್ಟುವಾಗ ನನ್ನ ಕೈ ಬೇರೆ ಥರ ಹೋಗತೊಡಗಿತು. ಕೈಮುಗಿಯುವುದನ್ನು ನಾನು ಬಿಡಲಿಲ್ಲ.

"ವಾಹೆಯವರಿಗೆ ಇವು ಬರ್ತಾವೇನು?" ಎಂದು ಕೇಳಿದೆ.

"ಇಲ್ಲ. ಅಂವ ಮಕ ತೊಳಕೊಂಡ್ರ ಬರೇ ಮಕ ತೊಳಕೋಬೇಕು ಅಂತ ನನಗಿತ್ತು." ಹಣೆ ಮುಟ್ಟಿಕೊಂಡು ಹೇಳಿದರು, "ಈಗ ನೋಡು, ನನ್ನ ತಲಿ ಬತ್ತಲಿಕ್ಕೆ ಹತ್ತೇತಿ. ನನ್ನ ಜೋಡಿ ಅವರೂ ಎಲ್ಲಾರೂ ಹೋಗ್ತಾರ."

ಇನ್ನೊಂದು ದಿನ ನನ್ನ ಗಂಡನ ಬಗ್ಗೆ ಕೇಳಿದರು. ತೀರಿಕೊಂಡರು ಎಂದೆ.

"ಗೋರಿ ಐತೇನು?"

"ಐತಿ. ಇಲ್ಲೇ ಗುಡ್ಡದ ಮ್ಯಾಲ."

"ನೀ ಸಾವಕಾರ್ತಿ," ಎಂದರು ಆಯಿ. ಯಜಮಾನರು ತೀರಿದ ಮೇಲೆ ನನ್ನನ್ನು ಸಿರಿವಂತೆ ಎಂದು ಕರೆದವರು ಯಾರೂ ಇರಲಿಲ್ಲ. ಅಣಕ ಇರಲಿಲ್ಲ, ಹೊಟ್ಟೆಕಿಚ್ಚೂ ಇರಲಿಲ್ಲ, ತಮ್ಮವರಿಗೆ ಇಲ್ಲದ ಗೋರಿ ನನ್ನವರಿಗಿತ್ತು, ಇದ್ದದ್ದನ್ನು ಹೇಳಿದರು ಅಷ್ಟೆ. ಆಮೇಲೆ, "ಅವನ ಹೆಸರೇನು?"

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮದುವೆ, ಸೀಮಂತಗಳಲ್ಲಿ ಎಲ್ಲರೂ ಬಾಗಿಲು ಅಡ್ಡಗಟ್ಟಿ ಪೀಡಿಸಿದಾಗ ಮಾತ್ರ ಒಡಪು ಕಟ್ಟಿ, ಪದ್ಯದ ಮರೆಯಲ್ಲಿ ಹೆಸರನ್ನು ದಾಟಿಸಿಬಿಡುತ್ತೇವೆ. ಆಫೀಸುಗಳಲ್ಲಿಯೂ ಕಾಗದ ಮುಂದೆ ಸರಿಸಿ ಬೆರಳಿಟ್ಟು ತೋರಿಸಿದ್ದೆ. ಇದನ್ನೆಲ್ಲ ವಿವರಿಸಿದೆ.

"ಹಂಗಾದ್ರ ಒಂದು ಒಡಪು ಹೇಳು."

"ಗಂಡ ಇದ್ದವರು ಹೇಳೋದು ಆಯಿ, ಅದು."

"ನಿಮ್ಮ ಜನ ಭಾಳ ವಿಚಿತ್ರ ಅದಾರ. ಇದ್ದಾಗ ಹೇಳಂಗಿಲ್ಲ, ಸತ್ತ ಮ್ಯಾಲೂ ಹೇಳಂಗಿಲ್ಲ. ಮತ್ಯಾವಾಗ ಹೇಳ್ತೀರಿ?" ಎಂದು ಕೇಳಿ, ಹಣೆ ಮುಂದಕ್ಕೆ ಒಡ್ಡಿದರು.

ಅದೇ ವರ್ಷ ಚಳಿಗಾಲದಲ್ಲಿ ಕೆಲಸದ ರೀತಿ ಬದಲಾಯಿತು. ಆರೈಕೆಯ ಖರ್ಚು ಕೊಡುವ ವಿಮೆಯವರು ಒಂದೊಂದು ಕೆಲಸಕ್ಕೂ ಇಷ್ಟೇ ನಿಮಿಷ ಎಂದು ಕಟ್ಟು ಹಾಕಿದರು. ಗಾಲಿ ಇರುವ ಸ್ನಾನದ ಕುರ್ಚಿ ಬಂತು. ಬೋಗುಣಿ ಬೇಡ, ಕುರ್ಚಿಯಲ್ಲಿ ಕೂಡಿಸಿ ಶವರ್ ಕೆಳಗೆ ತಳ್ಳಿದರಾಯಿತು. ಬೆನ್ನು ನೋವಿನಿಂದ ಸೋತಿದ್ದ ನಮಗೆಲ್ಲ ಅದು ವರವೇ. ನಾನೂ ಹುರುಪಿನಿಂದ ಆಯಿಯನ್ನು ಕೂಡಿಸಿದೆ, ನೀರಿನ ಹದ ನೋಡಿದೆ, ಬಿಟ್ಟೆ.

ನೀರು ನೆತ್ತಿಯಿಂದ ಪಾದದವರೆಗೆ ಒಮ್ಮೆಲೇ ಇಳಿಯಿತು. "ಹಗೋಪ್," ಎಂದರು ಆಯಿ. ಅಲ್ಲಿಗೇ ತಡೆದರು. ಮತ್ತೆ "ಹಗೋಪ್" ಎಂದರು. ಕೈಗಳು ಮೈಮೇಲೆಲ್ಲ ಹುಡುಕಾಡಿದವು. ಆಮೇಲೆ ಶವರಿನ ಕೊಳವೆಯನ್ನು ಎರಡೂ ಕೈಯಿಂದ ಹಿಡಿದು ಕಿತ್ತುಕೊಳ್ಳಲು ನೋಡಿದರು.

"ಎಲ್ಲಾರೂ ಒಮ್ಮೆಲೇ ಬಂದ್ರು," ಎಂದರು. "ಒಮ್ಮೆಲೇ ಬಂದು ಒಮ್ಮೆಲೇ ಹೋದ್ರು."

ಮರುದಿನ ಹೆಸರುಗಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಆಯಿ ಊಟದ ಮೇಜಿನ ಹತ್ತಿರ ಕೂತು ಹಣೆ ಮುಟ್ಟಿಕೊಳ್ಳುವುದು, ಕೈ ಕೆಳಗಿಳಿಸುವುದು, ಮತ್ತೆ ಹಣೆ ಮುಟ್ಟಿಕೊಳ್ಳುವುದು. ನೀರಿನ ಹೆದರಿಕೆ ಎಂದು ಡಾಕ್ಟರು ಹೇಳಿದರು. ನಾನು ಫ್ರೌ ಕೆಲರ್ ಹತ್ತಿರ ಹೋದೆ.

"ಅರಾಕ್ಸಿಯವರಿಗೆ ಬೋಗುಣಿಯಲ್ಲೇ ತೊಳೆಯಲು ಬಿಡಿ."

"ನಿಮಿಷ ಎಲ್ಲಿಂದ ತರಲಿ ಗಂಗಾ? ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ."

"ಒಂದು ಸಲ ಬಂದು ನೋಡಿ. ಆಮೇಲೆ ನೀವು ಹೇಳಿದಂತೆ."

ಬಂದರು. ಕೈಯಲ್ಲಿ ಗಡಿಯಾರ ಹಿಡಿದೇ ಬಾಗಿಲಲ್ಲಿ ನಿಂತರು. ನಾನು ಬಟ್ಟೆ ಹಿಂಡಿ ಆಯಿಯ ಹಣೆಗೆ ಇಟ್ಟೆ. "ಹಗೋಪ್," ಎಂದೆ. ಆಯಿ ಸುಮ್ಮನಿದ್ದರು. ಕಣ್ಣುಗಳ ಮೇಲೆ ಇಟ್ಟೆ. "ಮರ್ಯಮ್. ಝಬೆಲ್." ಇಲ್ಲ. ದಿನವೂ ಕೇಳಿ ಕೇಳಿ ನನಗೆ ಬಾಯಿಗೆ ಬಂದಿದ್ದವು. ಸಣ್ಣವಳಿದ್ದಾಗ ಅವ್ವನ ಮಗ್ಗುಲಲ್ಲಿ ಕೂತು ಅರ್ಥ ತಿಳಿಯದ ವಚನಗಳನ್ನು ಕಲಿತದ್ದು ಹೀಗೆಯೇ. ಕೆನ್ನೆ, ಕುತ್ತಿಗೆ, ಒಂದೊಂದನ್ನೂ ಹೇಳುತ್ತಾ ಕೆಳಗಿಳಿದೆ. ಬಲಭುಜಕ್ಕೆ ಬಂದಾಗ ಬೇಕೆಂದೇ ತಡೆದೆ. ನೀರು ತೊಟ್ಟಿಕ್ಕುತ್ತಿತ್ತು.

"ಸರ್ಕಿಸ್," ಎಂದರು ಆಯಿ.

ಎಡಭುಜ. "ಅನುಷ್." ಅಲ್ಲಿಂದ ಮುಂದೆ ಅವರೇ ನಡೆದರು, ನಾನು ಹಿಂದೆ ಹೋದೆ. ಬೆನ್ನಿಗೆ ಬಂದಾಗ ನಾಝೆಲಿ ಎಂದು ಎರಡು ಸಲ ಹೇಳಿದರು. ಎಡಪಾದ ಮುಗಿದ ಮೇಲೆ ತಿರುಗಿ ನೋಡಿದೆ. ಫ್ರೌ ಕೆಲರ್ ಗಡಿಯಾರ ಜೇಬಿಗೆ ಹಾಕಿಕೊಂಡಿದ್ದರು. ಅವರಿಗೆ ನಾನು ಏನನ್ನೂ ವಿವರಿಸಿರಲಿಲ್ಲ.

"ಇವರಿಗೆ ಬೋಗುಣಿ," ಎಂದರು. "ನೀವು ರಜೆಯಲ್ಲಿದ್ದಾಗ ನಾನು ತೊಳೆಯುತ್ತೇನೆ. ಹೆಸರುಗಳನ್ನು ನನಗೂ ಕಲಿಸಿ."

ಕಲಿತರು ಕೂಡ.

ಮುಂದಿನ ವಸಂತದ ಹೊತ್ತಿಗೆ ಆಯಿಯ ಜರ್ಮನ್ ಹೋಯಿತು, ಆಮೇಲೆ ಎಲ್ಲ ಮಾತೂ ಹೋಯಿತು. ಹೆಸರು ಹೇಳುವುದು ಪೂರ್ತಿ ನನ್ನ ಪಾಲಿಗೆ ಬಂತು. ಆದರೆ ನಾನು ಸರ್ಕಿಸ್ ಎನ್ನುವ ಮೊದಲೇ ಬಲಭುಜ ತಾನಾಗಿ ಮುಂದೆ ಬರುತ್ತಿತ್ತು. ಅನುಷ್ ಎನ್ನುವ ಮೊದಲೇ ಎಡಭುಜ. ತಲೆ ಬಿಟ್ಟುಕೊಟ್ಟದ್ದನ್ನು ಮೈ ಹಿಡಿದುಕೊಂಡಿತ್ತು. ಇಷ್ಟು ವರ್ಷಗಳ ಕೆಲಸದಲ್ಲಿ ನಾನು ಅದಕ್ಕಿಂತ ದೊಡ್ಡದನ್ನು ಕಂಡಿಲ್ಲ.

ಬೇಸಿಗೆಯ ಒಂದು ಬೆಳಿಗ್ಗೆ ಆಯಿ ತೀರಿಕೊಂಡರು. ನಮ್ಮ ವೃದ್ಧಾಶ್ರಮದಲ್ಲಿ ಕೊನೆಯ ಸ್ನಾನವನ್ನೂ ಸಹಾಯಕಿಯರೇ ಮಾಡಿಸುತ್ತೇವೆ. ಕಿಟಕಿ ತೆರೆದು, ಬೋಗುಣಿಗೆ ನೀರು ತಂದೆ, ಯಾವಾಗಿನಂತೆ ಬೆಚ್ಚಗೆ. ಈಗ ಹಣೆ ಒರೆಸುತ್ತೇನೆ ಆಯಿ ಎಂದೆ. ಎಲ್ಲ ಹೆಸರುಗಳನ್ನೂ ಹೇಳಿದೆ. ಭುಜ ಮುಂದೆ ಬರಲಿಲ್ಲ, ನಾನೇ ಎತ್ತಿದೆ.

ನಲವತ್ತನೆಯ ದಿನಕ್ಕೆ ಅವರಲ್ಲಿ ಪೂಜೆ ಇರುತ್ತದೆ. ವಾಹೆ ನನ್ನನ್ನೂ ಕರೆದರು. ಇಲ್ಲಿನ ಅರ್ಮೇನಿಯನ್ನರಿಗೆ ಸ್ವಂತ ಚರ್ಚು ಇರಲಿಲ್ಲ, ಕ್ಯಾಥೊಲಿಕರ ಚರ್ಚನ್ನು ಒಂದು ಮಧ್ಯಾಹ್ನಕ್ಕೆ ಕೇಳಿ ಪಡೆದಿದ್ದರು. ಪಾದ್ರಿ ದೂರದ ಊರಿನಿಂದ ಬಂದಿದ್ದರು. ಪೂಜೆಯ ನಡುವೆ ಒಂದೊಂದು ಮನೆಯವರು ತಮ್ಮ ಸತ್ತವರ ಹೆಸರು ಕೊಡುತ್ತಾರೆ, ಪಾದ್ರಿ ಅದನ್ನು ಎತ್ತಿ ಹೇಳುತ್ತಾರೆ. ವಾಹೆ ತಂದೆಯ ಹೆಸರು ಕೊಟ್ಟರು, ತಾಯಿಯ ಹೆಸರು ಕೊಟ್ಟರು, ಅಷ್ಟಕ್ಕೆ ನಿಂತರು. ಅವರ ಬಳಿ ಇದ್ದದ್ದೇ ಅಷ್ಟು.

ನಾನು ಎದ್ದು ನಿಂತೆ. ಯಾರು ಈ ಸೀರೆಯವಳು ಎಂದು ಜನ ತಿರುಗಿ ನೋಡಿದರು. ಕ್ರಮ ತಪ್ಪಬಾರದೆಂದು ನನ್ನ ಹಣೆಯನ್ನೇ ಮುಟ್ಟಿಕೊಂಡೆ. ಹಗೋಪ್ ಎಂದೆ. ಪಾದ್ರಿ ನನ್ನನ್ನು ನೋಡಿ, ಅದನ್ನು ಎತ್ತಿ ಹೇಳಿದರು. ಮರ್ಯಮ್. ಝಬೆಲ್. ನಾನು ಒಂದು, ಅವರು ಒಂದು. ಬೆನ್ನಿನ ಹೊತ್ತಿಗೆ ಇಡೀ ಚರ್ಚು ಎದ್ದು ನಿಂತಿತ್ತು. ಎಡಪಾದ ಮುಟ್ಟಿಕೊಳ್ಳಲು ನಾನು ಬಗ್ಗಬೇಕಾಯಿತು. ಕತ್ತೆ ಕಳ್ಳ ಬೋಘೋಸನ ಹೆಸರೂ ಧೂಪದ ಹೊಗೆಯಲ್ಲಿ ಎಲ್ಲರಂತೆಯೇ ಮೇಲೆ ಹೋಯಿತು.

ಪಾದ್ರಿ ಇನ್ನೂ ಕಾಯುತ್ತಿದ್ದರು. ಪಕ್ಕದಿಂದ ವಾಹೆ ಮೆಲ್ಲಗೆ ಹೇಳಿದರು, "ಸಿಸ್ಟರ್ ಗಂಗಾ, ನಿಮ್ಮವರದು."

ಬರೀ ಹೆಸರು ಬಾಯಿಂದ ಬರಲಿಲ್ಲ. ಬಂದದ್ದು ಇದು:

"ಒಲಿ ಮ್ಯಾಲ ಹಾಲ, ಹಾಲಿನ ಮ್ಯಾಲ ಕೆನಿ,
ಶಿವಾನಂದ ಅವರ ಹೆಸರ ನಾ ಹೇಳತೀನಿ."

ಪಾದ್ರಿ ಇದರಲ್ಲಿ ಹೆಸರು ಯಾವುದೆಂದು ಕಣ್ಣಿನಲ್ಲೇ ಕೇಳಿದರು. ಇನ್ನೊಂದು ಸಲ ಹೇಳಿದೆ, ಶಿವಾನಂದ ಎಂಬಲ್ಲಿ ತಡೆದು. ಅವರು ಅದನ್ನು ಎತ್ತಿಕೊಂಡರು.

ಪೂಜೆಯ ನಂತರ ಅವರ ಪದ್ಧತಿಯಂತೆ ಊಟವಿತ್ತು. ನಮ್ಮಲ್ಲಿ ಸತ್ತವರ ದಿನ ಮಾಡಿ ಹಾಕುವ ಊಟದಂಥದ್ದೇ. ವಾಹೆ ತಟ್ಟೆ ಹಿಡಿದು ನನ್ನ ಎದುರಿಗೆ ಬಂದು ಕೂತರು, ತಿನ್ನಲಿಲ್ಲ. ಆ ಹೆಸರುಗಳು ನನಗೆ ಎಲ್ಲಿಂದ ಬಂದವು ಎಂದು ಹೇಳಿದೆ.

"ಅಷ್ಟೂ ಹೆಸರು ನನಗೆ ಕಲಿಸಿ," ಎಂದರು. "ಮೊದಲು ಒಂದು ಹೇಳಿ. ಅವರಲ್ಲಿ ನನ್ನ ಅಜ್ಜಿ ಯಾರು?"

ಈ ಪ್ರಶ್ನೆಯನ್ನು ನಾನೂ ಆಯಿಗೆ ಕೇಳಿದ್ದೆ, ಅವರಿಗೆ ಮಾತಿದ್ದಾಗಲೇ. ಆಯಿ ಹೇಳಿದ್ದನ್ನು ಹಾಗೆಯೇ ವಾಹೆಗೆ ಹೇಳಿದೆ. ನಾಝೆಲಿ ತನ್ನ ಮನೆಯವರ ಹೆಸರನ್ನೂ ಈ ಮಗುವಿನ ಮನೆಯವರ ಹೆಸರನ್ನೂ ಕೂಡಿಸಿಯೇ ಕಟ್ಟಿದ್ದಳು. ಯಾರು ಯಾರ ಮನೆಯವರು ಎಂದು ಹೇಳುವ ಮೊದಲೇ ಜ್ವರ ಅವಳನ್ನು ಒಯ್ದಿತು. ಆಯಿಗೆ ಆಗ ಐದೋ ಆರೋ ವರ್ಷ. ಆ ವಯಸ್ಸಿನ ಮಗುವಿಗೆ ತಾಯಿಯ ಹೆಸರು ಬೇಕಾಗಿಯೇ ಇರುವುದಿಲ್ಲ. "ನಾ ಅಕೀಗೆ ಅವ್ವ ಅಂತಿದ್ದೆ," ಎಂದಿದ್ದರು ಆಯಿ. "ಅದಕ್ಕs ಎಲ್ಲಾರ ಹೆಸರೂ ಹೇಳ್ತೀನಿ. ಒಬ್ಬರನ್ನ ಬಿಟ್ರ, ಆ ಬಿಟ್ಟಾಕಿನs ನಮ್ಮವ್ವ ಇದ್ರ?"

ವಾಹೆ ಹೆಸರುಗಳನ್ನೆಲ್ಲ ಕಲಿತರು. ಅವರ ಮಗಳೂ ಕಲಿತಿದ್ದಾಳೆ. ನಿವೃತ್ತಿಯಾದ ಮೇಲೆಯೂ ನನಗೆ ಅವು ಕ್ರಮ ತಪ್ಪದೆ ಬರುತ್ತವೆ. ಅವುಗಳಲ್ಲಿ ಅರಾಕ್ಸಿ ಆಯಿಯ ತಾಯಿಯ ಹೆಸರು ಯಾವುದೆಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.